ಇದ್ದ ಹಾಗೆ ಕಟ್ಟಿದ ಬೆಲೆ

ಹೊಳೆ ಇಳಿದ ಮೂರನೆಯ ದಿನದಿಂದ ನನ್ನ ಅಂಗಡಿಯ ಮುಂದೆ ಮೋಟಾರುಗಳು ಬಂದು ಬೀಳತೊಡಗಿದವು. ಅರಕಲಗೂಡಿನಲ್ಲಿ ಹೊಳೆನರಸೀಪುರದ ರಸ್ತೆಗೆ ನನ್ನದು ವೈಂಡಿಂಗ್ ಅಂಗಡಿ. ಪಂಪ್‌ಸೆಟ್ ಮೋಟಾರು ಸುಟ್ಟರೆ ಒಳಗಿನ ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ಆ ಮಳೆಗಾಲದಲ್ಲಿ ಅಣೆಕಟ್ಟೆ ತುಂಬಿ, ಗೇಟು ಎತ್ತಿ, ಹೇಮಾವತಿ ದಂಡೆಯ ಗದ್ದೆಗಳೆಲ್ಲ ನೀರಲ್ಲಿ ನಿಂತಿದ್ದವು. ಗದ್ದೆ ಮುಳುಗುವುದಕ್ಕೆ ಮೊದಲೇ ಮುಳುಗುವುದು ಹೊಳೆಯ ಅಂಚಿನಲ್ಲಿ ಕೂತಿರುವ ಮೋಟಾರು. ಟ್ರ್ಯಾಕ್ಟರಿನಲ್ಲಿ ತಂದರು, ಆಟೊದಲ್ಲಿ ತಂದರು, ಒಬ್ಬರಂತೂ ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಇಟ್ಟುಕೊಂಡು, ಕಾಲು ಎರಡೂ ಕಡೆ ಚಾಚಿಕೊಂಡು ಬಂದರು. ಅಂಗಡಿಯೊಳಗೆ ಜಾಗ ಸಾಲದೆ ಜಗಲಿಯ ಮೇಲೂ ಇಟ್ಟೆವು. ಎಲ್ಲದರಿಂದಲೂ ಒಂದೇ ವಾಸನೆ, ಕೊಳೆತ ಬತ್ತದ ಹುಲ್ಲಿನದು.

ನೀರು ಕುಡಿದ ಮೋಟಾರನ್ನು ಕಂಡ ಕೂಡಲೇ ಕೀಳಬಾರದು. ಬಿಚ್ಚಬೇಕು, ಕೆಸರು ತೊಳೆಯಬೇಕು, ತಂತಿ ಸುತ್ತಿರುವ ದಪ್ಪ ಬಳೆಯಂಥ ಭಾಗಕ್ಕೆ ಸ್ಟೇಟರ್ ಎನ್ನುತ್ತೇವೆ, ಅದರ ಹೊಟ್ಟೆಯೊಳಗೆ ದೊಡ್ಡ ಬಲ್ಬು ಇಳಿಬಿಟ್ಟು ಮೂರು ದಿನ ಒಣಗಿಸಬೇಕು. ಆಮೇಲೆ ಕರೆಂಟು ಸೋರುತ್ತದೆಯೇ ಎಂದು ಅಳೆಯುವ ಮೆಗ್ಗರ್ ಹಿಡಿಯಬೇಕು. ಮುಳ್ಳು ಮೇಲೆದ್ದರೆ ತಂತಿಗೆ ಜೀವ ಇದೆ, ವಾರ್ನಿಷ್ ಹಾಕಿ ಕೊಟ್ಟರಾಯಿತು. ಸೊನ್ನೆಯಲ್ಲೇ ಮಲಗಿದರೆ ಮಾತ್ರ ಉಳಿ, ಸುತ್ತಿಗೆ. ಇದು ನಾನು ಏಳನೇ ಕ್ಲಾಸು ಬಿಟ್ಟು ಈ ಕೆಲಸಕ್ಕೆ ಕೂತ ಮೊದಲನೆಯ ವಾರದಲ್ಲೇ ಕಲಿತದ್ದು. ಕಲಿತದ್ದನ್ನು ಒಂದು ದಿನ ಬಿಟ್ಟೆ. ಅಲ್ಲಿಂದಲೇ ಈ ಕಥೆ ಶುರು.

ಅಂದು ಊಟಕ್ಕೆ ಮುಂಚೆ ಒಂದು ಗೂಡ್ಸ್ ಆಟೊ ಬಂದು ನಿಂತಿತು. ಓಡಿಸುತ್ತಿದ್ದವನು ಮೂವತ್ತೈದರ ಒಳಗಿನವನು, ಇಸ್ತ್ರಿ ಅಂಗಿ, ಒಳ್ಳೆಯ ಮಾತು. ಹಿಂದೆ ಟಾರ್ಪಾಲಿನ ಕೆಳಗೆ ಮೂರು ಮೋಟಾರು.

"ಅಣ್ಣ, ಮೂರೂವೆ ನಮ್ಮ ಮಾವನ ಮನೇವು. ಒಳೆ ನುಗ್ಬುಡ್ತು. ಕಿತ್ತಾಕಿ ಒಸಾದಾಗಿ ಕಟ್ಬುಡಿ."

"ಕೀಳೋದು ಆಮೇಲೆ. ಮೊದ್ಲು ಒಣಗಿಸಿ ನೋಡ್ತೀನಿ. ಮೂರು ದಿನ ಬೇಕು" ಎಂದೆ.

"ಒಣಗ್ಸೋದೆಲ್ಲ ಬ್ಯಾಡ ಕಣಣ್ಣ. ಕಿತ್ಬುಡಿ."

ಬಗ್ಗಿ ನೋಡಿದೆ. ಮೂರರಲ್ಲೂ ಕಂಪನಿಯ ತಗಡು ಇರಲಿಲ್ಲ. "ಪ್ಲೇಟ್ ಎಲ್ಲೋದೋ?"

"ಕೊಚ್ಕಂಡೋಗಿರಬೇಕು."

ರಿವೆಟ್ ಹೊಡೆದು ಕೂರಿಸಿದ ತಗಡು ಹೊಳೆ ನೀರಿಗೆ ಕೊಚ್ಚಿಕೊಂಡು ಹೋಗುವುದಿಲ್ಲ. ಅದು ನನಗೆ ಗೊತ್ತು. ಆದರೆ ಅಷ್ಟೊತ್ತಿಗೆ ನನ್ನ ಜಗಲಿಯ ತುಂಬ ಮೋಟಾರು, ಇದ್ದ ಮೂರು ಬಲ್ಬು ಬೇರೆಯವರ ಮೋಟಾರಿನೊಳಗೆ ಉರಿಯುತ್ತಿದ್ದವು, ಗಿರಾಕಿಯೇ ಕೀಳು ಎನ್ನುತ್ತಿದ್ದಾನೆ. ಇಳಿಸಿಕೊಂಡೆ. ಒದ್ದೆಯಲ್ಲೇ ಮೆಗ್ಗರ್ ಹಿಡಿದೆ. ಒದ್ದೆ ಮೋಟಾರು ಸೊನ್ನೆ ತೋರಿಸದೆ ಇನ್ನೇನು ತೋರಿಸುತ್ತದೆ? ಅವನು ನಾಡಿದ್ದು ಬರುತ್ತೇನೆಂದು ಹೋದ. ನಾನು ಐದು ಎಚ್.ಪಿ.ದೊಂದನ್ನು ಎತ್ತಿ ಕಟ್ಟೆಗೆ ಇಟ್ಟು ಉಳಿ ಹಿಡಿದೆ.

ಹಳೆಯ ತಂತಿ ಕೀಳುವ ಕ್ರಮ ಹೀಗೆ. ಸ್ಟೇಟರಿನ ಎರಡೂ ಮುಖದಲ್ಲಿ ತಂತಿಯ ಸುರುಳಿಗಳು ಮಡಚಿಕೊಂಡು, ತುರುಬಿನ ಹಾಗೆ ಹೊರಗೆ ಬಂದಿರುತ್ತವೆ. ಒಂದು ಮುಖವನ್ನು ಉಳಿಯಿಂದ ಕೊಯ್ದು ಹಾಕಿದರೆ ಇನ್ನೊಂದು ಮುಖದಿಂದ ಎಳೆದು ತೆಗೆಯಬಹುದು. ನನ್ನ ಕೈ ಈ ಕೆಲಸದಲ್ಲಿ ಬಲು ಜೋರು, ಹೇಳಿಕೊಳ್ಳುವುದಕ್ಕೆ ಸಂಕೋಚವಿಲ್ಲ. ಕಾಫಿ ಆರುವಷ್ಟರಲ್ಲಿ ಒಂದು ಮುಖ ಕೊಯ್ದು ಬಾಣಲೆಗೆ ಬಿತ್ತು.

ಆಗ ನನ್ನ ಹೆಂಡತಿ ಒಳಗಿನಿಂದ ಬಂದಳು. ಅಂಗಡಿಯಲ್ಲಿ ಅವಳದೊಂದು ಕೆಲಸವಿದೆ. ನಾನು ತಂತಿ ಕೂರಿಸಿದ ಮೇಲೆ ಹೊರಬಂದ ಸುರುಳಿಗಳನ್ನು ಹತ್ತಿ ದಾರದಲ್ಲಿ ಬಿಗಿದು ಕಟ್ಟುವವಳು ಅವಳು. ಮದುವೆಗೆ ಮುಂಚೆ ಅವಳು ಮಲ್ಲಿಗೆ ಕಟ್ಟಿ ಮಾರುತ್ತಿದ್ದ ಮನೆಯವಳು; ಮೋಟಾರಿಗೂ ಅದೇ ಗಂಟು ಹಾಕುತ್ತಾಳೆ. ಎರಡು ಸುತ್ತು, ಬೆರಳ ಮೇಲೆ ಒಂದು ಕುಣಿಕೆ, ಒಳಗಿಂದ ಎಳೆತ. ಬೇರೆ ಅಂಗಡಿಯವರು ಸುಮ್ಮನೆ ಸರಪಳಿ ಸುತ್ತು ಸುತ್ತುತ್ತಾರೆ. ಅವಳದು ಮೋಟಾರು ಎಷ್ಟು ವರ್ಷ ಅದುರಿದರೂ ಸಡಿಲವಾಗುವುದಿಲ್ಲ.

ಬಾಣಲೆಯಲ್ಲಿದ್ದ ತುಂಡನ್ನು ಎತ್ತಿ, ಸೆರಗಿನಲ್ಲಿ ಕೆಸರು ಒರೆಸಿ, ಬೆಳಕಿಗೆ ಹಿಡಿದಳು.

"ಏನ್ರೀ, ಇದು ನಾನಾಕಿದ ಗಂಟು."

"ದಾರ ಎಲ್ಲಾರೂ ಕಟ್ತಾರೆ ಬುಡು."

"ದಾರ ಎಲ್ಲಾರೂ ಕಟ್ತಾರೆ. ಮಲ್ಲಿಗೆ ಗಂಟು ಯಾರಾಕ್ತಾರೆ ಏಳಿ ಮತ್ತೆ? ನಿಮ್ಮ ಕೈ ನಿಮಗೇ ಗುರ್ತು ಸಿಗ್ನಿಲ್ವಾ? ತಂತಿ ನೀವು ಸುತ್ತಿರೋದಲ್ವಾ?"

ಉಳಿ ಕೆಳಗಿಟ್ಟೆ. ನಾನು ಕಟ್ಟುವ ಪ್ರತಿ ಮೋಟಾರಿನ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ: ತಂತಿ ಕೂರುವ ಸೀಳುಗಳು, ನಮ್ಮ ಮಾತಿನಲ್ಲಿ ಗಾಡಿ, ಎಷ್ಟು, ಎಷ್ಟು ಸುತ್ತು, ಯಾವ ಗೇಜಿನ ತಂತಿ, ಯಾವ ಊರು. ಉಳಿದ ಮುಖದ ತಂತಿ ಎಣಿಸಿದೆ. ಪುಟ ತಿರುವಿದೆ. ಎರಡು ಬೇಸಿಗೆ ಹಿಂದೆ ಕಟ್ಟಿದ್ದು, ಹೊಳೆನರಸೀಪುರದ ಕಡೆ ಹೊಳೆದಂಡೆಯ ಒಂದು ಊರಿನ ಹೆಂಗಸಿನದು. ಗಂಡ ಬಸ್ಸಿನ ಡ್ರೈವರು, ಯಾವಾಗಲೂ ಡ್ಯೂಟಿ ಮೇಲೆ. ಗದ್ದೆ, ಶುಂಠಿ, ಮೋಟಾರು ಎಲ್ಲ ಆಕೆಯ ಕೈಯಲ್ಲೇ. ತವರು ಅರಕಲಗೂಡಿನ ಪಕ್ಕ, ಹಾಗಾಗಿ ಮೋಟಾರು ನನ್ನ ಹತ್ತಿರ ತರುತ್ತಿದ್ದಳು. ಗೂಡ್ಸ್ ಆಟೊದವನು ತನ್ನ ಕಡೆ ಗುರುತು ಸಿಗುತ್ತದೆಂದು ಅಷ್ಟು ದೂರ ಓಡಿಸಿಕೊಂಡು ಬಂದು, ಅದನ್ನು ಕಟ್ಟಿದವನ ಕೈಗೇ ಕೊಟ್ಟಿದ್ದ.

ಫೋನು ಮಾಡಿದೆ. ನಿನ್ನ ಮೋಟಾರು ನನ್ನ ಅಂಗಡಿಯಲ್ಲಿದೆ ಎಂದು, ತಂದವನ ಗುರುತೂ ಹೇಳಿದೆ.

"ನನ್ ಮೋಟ್ರಾ ಅಣ್ಣ? ಸಿಕ್ತಾ?"

ಆಕೆ ಹೇಳಿದ್ದು ಇಷ್ಟು. ನೀರು ಏರುವಾಗ ಊರು ಖಾಲಿ ಮಾಡಿ ಎಂದು ಮೈಕಿನಲ್ಲಿ ಕೂಗಿಸಿದರು. ಆಕೆ ಇಬ್ಬರನ್ನು ಹಿಡಿದು ಮೋಟಾರಿನ ಬೋಲ್ಟು ಬಿಚ್ಚಿಸಿ, ಏರಿಯ ಮೇಲಿನ ಹೊಂಗೆ ಮರದ ಬುಡಕ್ಕೆ ಎಳೆದು ತಂದು, ಸರಪಳಿ ಹಾಕಿ ಬೀಗ ಜಡಿದಳು. ಆಮೇಲೆ ಎಲ್ಲರೂ ಹೋಬಳಿಯ ಶಾಲೆಯಲ್ಲಿ ತೆರೆದಿದ್ದ ಕಾಳಜಿ ಕೇಂದ್ರಕ್ಕೆ ಹೋದರು. ನೀರು ಮರದ ಬುಡವನ್ನೂ ಒಂದು ದಿನ ನೆನೆಸಿ ಇಳಿಯಿತು. ವಾಪಸು ಬಂದಾಗ ಸರಪಳಿ ತುಂಡಾಗಿ ಬಿದ್ದಿತ್ತು.

"ಶಾಲೆಗೆ ನಮ್ಮುನ್ನೆಲ್ಲ ಎತ್ಕಂಡೋದದ್ದು ಅವನ ಆಟೊನೇ ಕಣಣ್ಣ. ನಾನೇ ಅವನಿಗೆ ಏಳಿದ್ದೆ. ಮರದ ಬುಡದಾಗೆ ಕಟ್ಟಿವ್ನಿ, ಓಗ್ತಾ ಬತ್ತಾ ವಸಿ ನೋಡ್ಕಳಪ್ಪ ಅಂತ. ನೋಡ್ಕತೀನಿ ಬುಡಕ್ಕ ಅಂದ."

ಫೋನಿಟ್ಟು ಇಬ್ಬರೂ ಕೂತೆವು. ಆ ಮೋಟಾರು ಸುಟ್ಟಿರಲಿಲ್ಲ, ಒಂದು ದಿನ ನೆಂದಿತ್ತು ಅಷ್ಟೇ. ಬಲ್ಬು ಹಾಕಿ ಒಣಗಿಸಿದ್ದರೆ ಮುಳ್ಳು ಎದ್ದು ನಿಲ್ಲುತ್ತಿತ್ತು. ಅದನ್ನು ನಾನೇ ಕೊಯ್ದಿದ್ದೆ.

ಸುಮ್ಮನೆ ಆಕೆಗೆ ಮೋಟಾರು ಕಳಿಸಿ, ಇವನಿಗೆ ಏನೋ ಒಂದು ಹೇಳಿ ಮುಗಿಸೋಣ ಎಂಬ ಯೋಚನೆ ನನಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೆಂಡತಿ ಒಪ್ಪಲಿಲ್ಲ. "ನಾಳೆ ಎಲ್ಲೋ ಸಿಕ್ಕಾಕಂಡ ಅಂದ್ರೆ, ಇಂಥ ಅಂಗಡೀಲಿ ಕೊಟ್ಟಿದ್ದೆ ಅಂತ ನಮ್ಮ ಎಸ್ರೇ ಏಳ್ತಾನೆ. ನಾವೇ ಓಗಾನ" ಎಂದಳು. ಮರುದಿನ ಬೆಳಗ್ಗೆ ಕೊಯ್ದ ತುಂಡನ್ನು ಕವರಿಗೆ ಹಾಕಿಕೊಂಡು, ನೋಟ್‌ಬುಕ್ ಹಿಡಿದು ಹೊಳೆನರಸೀಪುರದ ಬಸ್ಸು ಹತ್ತಿದೆ. ಆಕೆಯೂ ಸ್ಟೇಷನ್ನಿಗೆ ಬಂದು ದೂರು ಬರೆದುಕೊಟ್ಟಳು. ಕದ್ದ ಮಾಲು ನಿನ್ನ ಅಂಗಡಿಗೆ ಹೇಗೆ ಬಂತು ಎನ್ನುವುದಕ್ಕೆ ಉತ್ತರ ಹೇಳುತ್ತ ನಾನು ಮಧ್ಯಾಹ್ನವೆಲ್ಲ ಬೆಂಚಿನ ಮೇಲೆ ಕೂತೆ. ಅದು ಅವರ ಕೆಲಸ, ಬೇಜಾರಿಲ್ಲ. ಮಾರನೆಯ ದಿನ ಮೋಟಾರು ತೆಗೆದುಕೊಂಡು ಹೋಗಲು ಬಂದ ಆಟೊದವನನ್ನು ನನ್ನ ಜಗಲಿಯ ಮೇಲೇ ಹಿಡಿದರು. ಅವನು ನನ್ನನ್ನು ನೋಡಿದ. ಬೈಯಲಿಲ್ಲ. "ಪರ್ವಾಗಿಲ್ಲ ಬುಡಣ್ಣ" ಎಂದ, ನಾನೇನೋ ಅವನ ಕಾಲು ತುಳಿದು ಕ್ಷಮೆ ಕೇಳಿದವನ ಹಾಗೆ.

ಮಹಜರು ನನ್ನ ಅಂಗಡಿಯಲ್ಲೇ ಆಯಿತು. ಸ್ಟೇಷನ್ನಿನ ರೈಟರ್ ಸ್ಟೂಲಿನ ಮೇಲೆ ಕೂತು ಬರೆದರು. ಆಕೆ ಬಂದು ಮೋಟಾರನ್ನು ಗುರುತಿಸಿದಳು. ಕೊಯ್ದ ಮುಖವನ್ನು ಬೆರಳಲ್ಲಿ ಸವರಿ, "ಯಾಕಣ್ಣ ಇಂಗೆ ಕುಯ್ದಾಕಿದೀರಿ?" ಎಂದಳು. "ಅವನೇ ಕೀಳು ಅಂದ ಕಣವ್ವ" ಎಂದೆ. ಒಣಗಿಸಿ ನೋಡದೆ ಕೊಯ್ದದ್ದನ್ನು ಮುಚ್ಚಿಟ್ಟೆ.

ಉಳಿದೆರಡು ಮೋಟಾರನ್ನು ನಮ್ಮದು ಎನ್ನುವವರು ಬರಲಿಲ್ಲ. ಒಂದು ತನ್ನ ಮಗ್ಗುಲ ಗದ್ದೆಯವರದೆಂದು ಆಕೆಗೆ ಗೊತ್ತಿತ್ತು. ಅವರನ್ನು ಕರೆದರೆ, "ನಮ್ದಲ್ಲ ಬುಡು. ನಾಳೆ ಒಳೆ ಬಂದ್ರೆ ಅವನೇ ತಾನೆ ಆಟೊ ತರೋನು" ಎಂದರಂತೆ. ಹಾಗಾಗಿ ಕೇಸು ನಿಂತದ್ದು ಒಂದೇ ಮೋಟಾರಿನ ಮೇಲೆ, ಒಬ್ಬಳೇ ಹೆಂಗಸಿನ ಮಾತಿನ ಮೇಲೆ.

ರೈಟರ್ ತಲೆ ಎತ್ತಿ ಕೇಳಿದರು. "ಏನಪ್ಪ ಮೇಸ್ತ್ರಿ, ಈಗ ಇದ್ದಂಗೆ ಇದು ಎಷ್ಟು ಬಾಳ್ತದೆ?"

ಹಳೆಯ ಮೋಟಾರಿಗೆ ಬೆಲೆ ಹೇಳುವುದರಲ್ಲಿ ನನ್ನ ಮಾತಿಗೆ ಚನ್ನರಾಯಪಟ್ಟಣದವರೆಗೂ ಬೆಲೆಯಿದೆ. ಇಬ್ಬರ ನಡುವೆ ಮಾರಾಟವಿದ್ದರೆ ನನ್ನ ಅಂಗಡಿಗೆ ತಂದು, "ನೀವು ಏಳಿದ್ದೇ ಕೊನೆ" ಎನ್ನುತ್ತಾರೆ. ನಮ್ಮ ಕೆಲಸದಲ್ಲಿ ಹಳೆಯದಕ್ಕೆ ಬೆಲೆ ಎಂದರೆ ಕಣ್ಣೆದುರು ಇರುವುದಕ್ಕೆ ಬೆಲೆ. ನಿನ್ನೆ ಹೇಗಿತ್ತು, ಕಟ್ಟಿಸಿದರೆ ನಾಳೆ ಹೇಗಿರುತ್ತದೆ ಎನ್ನುವುದನ್ನು ಸೇರಿಸಿದರೆ ಅದು ಮೋಸ. ಸುತ್ತ ತಿರುಗಿ ನೋಡಿದೆ. ಬಾಡಿ ಸರಿ, ರೋಟರು ಸರಿ, ಬೇರಿಂಗು ಮುಗಿದಿದೆ, ತಂತಿ ಅರ್ಧ ಹೋಗಿದೆ.

"ನಾಲ್ಕು ಸಾವಿರ ಸಾ. ಅದರ ಮೇಲೆ ಒಂದು ರೂಪಾಯಿ ಬಾಳಲ್ಲ."

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಸಾ, ಇದುನ್ನ ಒಸಾದು ತಗಳಾಕೆ ಎಷ್ಟಾಯ್ತದೆ ಅಂತ್ಲೂ ಬರ್ಕಳಿ. ಮೊನ್ನೆ ಗಂಟ ನೀರೆತ್ತಿದ ಮೋಟ್ರು ಅದು."

"ನೀನು ಸುಮ್ನಿರು. ನಂಗೊತ್ತಿಲ್ವಾ?" ಎಂದೆ ನಾನು. ರೈಟರ್ ನಕ್ಕು, ನಾನು ಹೇಳಿದ್ದನ್ನು ಬರೆದುಕೊಂಡರು.

ಓದದೆ ಸೈನು ಹಾಕುವವನು ನಾನಲ್ಲ. ಅಕ್ಷರ ಅಕ್ಷರ ಕೂಡಿಸಿ ಮೂರು ಹಾಳೆಯನ್ನೂ ಓದಿದೆ. ರೈಟರ್ ಕಾದರು. ಒಂದು ಕಡೆ ಗಾಡಿಗಳ ಸಂಖ್ಯೆ ತಪ್ಪು ಬರೆದಿದ್ದರು, ಅದನ್ನು ತಿದ್ದಿಸಿದೆ. ಬೆಲೆಯ ಸಾಲಿನಲ್ಲಿ ನನಗೆ ಏನೂ ತಪ್ಪು ಕಾಣಲಿಲ್ಲ. ದೊಡ್ಡದಾಗಿ, ಪೂರ್ತಿ ಹೆಸರು ಬರೆದು ಸೈನು ಹಾಕಿದೆ.

ಆಕೆ ಕೋರ್ಟಿನಿಂದ ಮೋಟಾರು ಬಿಡಿಸಿಕೊಂಡು ತಂದ ಮೇಲೆ ನಾನು ಹೊಸದಾಗಿ ಕಟ್ಟಿಕೊಟ್ಟೆ. ಹೆಂಡತಿ ಗಂಟು ಹಾಕಿದಳು. ಕೈಮಜೂರಿ ತೆಗೆದುಕೊಳ್ಳಲಿಲ್ಲ. 

ಕೇಸು ಬಂದದ್ದು ಬೇಸಿಗೆಯಲ್ಲಿ. ಇವತ್ತು ಸಾಕ್ಷಿಯವರು ಬೇಕಿಲ್ಲ ಎಂದು ಪೊಲೀಸರು ಹೇಳಿದ್ದರೂ ಆಕೆ, "ನೀವೊಂದು ಕಡೆ ನಿಂತಿದ್ರೆ ನಂಗೊಂದು ಧೈರ್ಯ" ಎಂದಿದ್ದಳು. ಅಂಗಡಿ ಮುಚ್ಚಿ ಇಬ್ಬರೂ ಹೋದೆವು. ಹೇಳಬೇಕಾದದ್ದನ್ನೆಲ್ಲ ಬಸ್ಸಿನಲ್ಲಿ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೆ: ಗಾಡಿ ಇಷ್ಟು, ಸುತ್ತು ಇಷ್ಟು, ಗಂಟು ಇಂಥದ್ದು, ಇದು ನನ್ನ ಕೈಕೆಲಸ.

ಯಾರೂ ಕೇಳಲಿಲ್ಲ. ಗೂಡ್ಸ್ ಆಟೊದವನು ಕೈಕಟ್ಟಿ ನಿಂತು ತಪ್ಪು ಒಪ್ಪಿಕೊಂಡ. ಅವನ ವಕೀಲರು ನನ್ನ ಮಹಜರಿನ ಒಂದು ಸಾಲು ಓದಿದರು. ಮಾಲಿನ ಬೆಲೆ ಐದು ಸಾವಿರದೊಳಗೆ, ಮಾಲು ಯಜಮಾನರಿಗೆ ವಾಪಸಾಗಿದೆ, ಇವನದು ಮೊದಲನೆಯ ತಪ್ಪು. ಅಂಥವನಿಗೆ ಹೊಸ ಕಾನೂನಿನಲ್ಲಿ ಜೈಲಿಲ್ಲ, ಸಮುದಾಯ ಸೇವೆ. ಹೋಬಳಿಯ ಶಾಲೆಯ ಆವರಣವನ್ನು ಹದಿನೈದು ದಿನ ಗುಡಿಸುವುದೆಂದು ಆಯಿತು. ನೀರು ಬಂದಾಗ ಊರಿನವರು ಹೋಗಿ ಮಲಗಿದ್ದ ಅದೇ ಶಾಲೆ. ನ್ಯಾಯಾಧೀಶರು ಕಾಗದದಲ್ಲಿ ಇದ್ದದ್ದನ್ನು ನೋಡಿದರು, ಕಾನೂನಿನಲ್ಲಿ ಇದ್ದದ್ದನ್ನು ಮಾಡಿದರು. ಅವರ ಮೇಲೆ ನನಗೆ ದೂರಿಲ್ಲ.

ಮೆಟ್ಟಿಲಿಳಿಯುವಾಗ ಆ ವಕೀಲರು ನನ್ನ ಹೆಗಲು ತಟ್ಟಿದರು. "ಬೆಲೆ ಕಟ್ಟಿದ್ದು ತಾವೇ ಅಲ್ವಾ ಯಜಮಾನ್ರೇ? ನಮ್ಮ ಕೆಲ್ಸ ಸಲೀಸು ಮಾಡ್ಬುಟ್ರಿ."

ಆಕೆ ಪಕ್ಕದಲ್ಲೇ ಇದ್ದಳು. ಕೇಳಿಸಿಕೊಂಡಳು. ಬಸ್ ನಿಲ್ದಾಣದವರೆಗೂ ನಮ್ಮ ಜೊತೆ ನಡೆದು, ತನ್ನೂರಿನ ಬಸ್ಸು ಬಂದಾಗ ಹೋಗಿ ಬರುತ್ತೇನೆಂದು ನನ್ನ ಹೆಂಡತಿಗೆ ಮಾತ್ರ ಹೇಳಿ ಹತ್ತಿದಳು.

ಹೊಟ್ಟೆಗಿಲ್ಲದೆ ಏನೋ ಸಣ್ಣದು ಕದ್ದವನಿಗೆ ಈ ಕಾನೂನು ಒಳ್ಳೆಯದೇ ಇರಬಹುದು. ಆದರೆ ಜೀವ ಉಳಿಸಿಕೊಳ್ಳಲು ಊರಿಗೆ ಊರೇ ಬಾಗಿಲೆಳೆದುಕೊಂಡು ಹೋದಾಗ, ಅವರನ್ನು ಹೊತ್ತುಕೊಂಡು ಹೋದವನೇ ತಿರುಗಿ ಬಂದು ಎತ್ತಿದ್ದು ಇದು. ಆ ಮಹಜರಿನಲ್ಲಿ ಬೋಲ್ಟಿನ ಅಳತೆಯೂ ಇತ್ತು, ಹೊಳೆ ಬಂದಿತ್ತೆಂಬ ಮಾತು ಎಲ್ಲೂ ಇರಲಿಲ್ಲ. ಮೂರು ಹಾಳೆಯನ್ನೂ ಓದಿದವನಿಗೆ ಅದು ಹೊಳೆಯಲಿಲ್ಲ.

ಮುಂಗಾರಿಗೆ ಮುಂಚೆ ಅವನು ಒಂದು ದಿನ ಅಂಗಡಿಗೆ ಬಂದ. ನಾನು ಗಾಡಿಗೆ ಕಾಗದ ಕೂರಿಸುತ್ತಿದ್ದೆ, ಹೆಂಡತಿ ದಾರ ಕಟ್ಟುತ್ತಿದ್ದಳು. ಸ್ಟೂಲು ಎಳೆದುಕೊಂಡು ಕೂತ.

"ಬೇಜಾರೇನಿಲ್ಲ ಕಣಣ್ಣ. ಶಾಲೆ ಮುಂದೆ ಕಸ ಗುಡ್ಸೋದು ಒಳ್ಳೇದೇ ಆಯ್ತು. ಓಗೋರು ಬರೋರೆಲ್ಲ ಮಾತಾಡ್ಸೋರು. ಯಾರ ಮನೇಲಿ ಏನೈತೆ, ಈ ಸಲ ಏನು ತಗಂಡವ್ರೆ, ಎಲ್ಲಾ ಏಳೋರು."

"ಏನಾಗ್ಬೇಕಿತ್ತು?" ಎಂದೆ.

"ಏನಿಲ್ಲ, ಇಂಗೇ ಓಗ್ತಿದ್ದೆ. ಈ ಸಲಾನೂ ಮಳೆ ಜೋರಂತೆ." ಹೆಂಡತಿಯ ಕೈಯನ್ನೇ ನೋಡುತ್ತ ಕೂತ. ಎರಡು ಸುತ್ತು, ಕುಣಿಕೆ, ಎಳೆತ. "ಅಕ್ಕಾರು ಚೆಂದಾಗಾಕ್ತಾರೆ ಗಂಟ. ಅಕ್ಕ, ಅದ ಬಿಚ್ಚಾಕೂ ಬತ್ತದಾ?"

ಹೆಂಡತಿ ತಲೆ ಎತ್ತಲಿಲ್ಲ. "ಬಿಚ್ಚಾಕೆ ಅಂತ ನಾನು ಕಟ್ಟಾಕಿಲ್ಲ" ಎಂದಳು.

ಅವನು ನಗುತ್ತ ಎದ್ದು ಹೋದ. ಅವಳು ಆ ದಿನ ಒಂದೇ ಸ್ಟೇಟರನ್ನು ಮೂರು ಸಲ ಬಿಚ್ಚಿ ಕಟ್ಟಿದಳು.

ಮಳೆ ಬಂತು. ಒಂದು ಬೆಳಗ್ಗೆ ಆಕೆಯ ಗಂಡ ದೂರದ ಯಾವುದೋ ಡಿಪೊದಿಂದ ಫೋನು ಮಾಡಿದರು. "ಮೇಸ್ತ್ರಿ, ಗೇಟು ಎತ್ತವ್ರಂತೆ. ಊರು ಖಾಲಿ ಮಾಡಿ ಅಂತ ಮೈಕಿನಾಗೆ ಕೂಗ್ತಾವ್ರೆ. ಇವಳು ಮೋಟ್ರು ಬುಟ್ಟು ಮೇಲೇಳ್ತಾ ಇಲ್ಲ. ನಾನು ಏಳಿದ್ರೆ ಫೋನ್ ಇಟ್ಬುಡ್ತಾಳೆ. ನೀವಾದ್ರೂ ಏಳಿ."

ಬೋಲ್ಟು ಬಿಚ್ಚುವ ಪಾನ, ಹಗ್ಗ ಬ್ಯಾಗಿಗೆ ಹಾಕಿ ಹೊರಟೆ. ಹೆಂಡತಿಯೂ ಬೈಕ್ ಹತ್ತಿದಳು.

ಊರ ಬಾಗಿಲಲ್ಲಿ ಅದೇ ಗೂಡ್ಸ್ ಆಟೊ ನಿಂತಿತ್ತು. ಮುಂದಿನ ಗಾಜಿಗೆ, ಪ್ರವಾಹ ಕೆಲಸಕ್ಕೆ ಎಂದು ಬರೆದ ಕಾಗದ ಅಂಟಿಸಿತ್ತು. ಆ ದಾರಿಗೆ ಬರಲು ಬೇರೆ ಗಾಡಿ ಸಿಕ್ಕಿರಲಿಲ್ಲವಂತೆ. ಹಿಂದೆ ಮೂರೇ ಜನ ಕೂತಿದ್ದರು. ಹಿಂದಿನ ವರ್ಷ ನಿಲ್ಲಲೂ ಜಾಗವಿರಲಿಲ್ಲವೆಂದು ಆಕೆ ಹೇಳಿದ್ದು ನೆನಪಾಯಿತು. ಬೀದಿಯುದ್ದಕ್ಕೂ ಜನ ತಮ್ಮ ತಮ್ಮ ಜಗಲಿಯ ಮೇಲೆ ಕೂತು ಆಟೊವನ್ನೇ ನೋಡುತ್ತಿದ್ದರು. ಮೈಕಿನವನ ಗಂಟಲು ಒಡೆದಿತ್ತು.

ಆಕೆ ಪಂಪಿನ ಶೆಡ್ಡಿನಲ್ಲಿ ಮೋಟಾರಿನ ಕಟ್ಟೆಯ ಮೇಲೆ ಕೂತಿದ್ದಳು. ನೀರು ಹೊಸಿಲಿಗೆ ಒಂದು ಮೊಳ ಕೆಳಗಿತ್ತು. ಕೆಂಪು ನೀರು, ಸದ್ದಿಲ್ಲದೆ ಬರುತ್ತಿತ್ತು. ನಾನು ಒಂದು ಕಡ್ಡಿ ನೆಟ್ಟು ಗುರುತು ಮಾಡಿದೆ.

"ಏಳವ್ವ. ಮೋಟ್ರು ಆಮೇಲೆ ನೋಡಾನ."

"ಓದ್ಸಲ ಅಂಗೇ ಅಂದ್ಕಂಡು ಎದ್ದೋದೆ."

"ಜೀವಕ್ಕಿಂತ ಎಚ್ಚಾ ಇದು?"

ಆಕೆ ಮೋಟಾರಿನ ಮೇಲೆ ಕೈಯಿಟ್ಟು ನನ್ನನ್ನು ನೆಟ್ಟಗೆ ನೋಡಿದಳು. "ನೀವೇ ಏಳಿ. ಈಗ ಇದ್ದಂಗೆ ಇದ್ಕೆ ಎಷ್ಟಾಯ್ತದಣ್ಣ?"

ಆ ದಿನದವರೆಗೂ ಬೆಲೆ ಕೇಳಿದವರಿಗೆ ಉತ್ತರ ಕೊಡದೆ ಸುಮ್ಮನಿದ್ದವನಲ್ಲ ನಾನು. ಹೆಂಡತಿ ನನ್ನ ಕಡೆ ನೋಡಲಿಲ್ಲ, ಹೊಳೆಯ ಕಡೆ ನೋಡುತ್ತಿದ್ದಳು.

"ಅದು ಸುಟ್ಟಿರ್ಲಿಲ್ಲ ಕಣವ್ವ" ಎಂದೆ. "ಓದ್ಸಲ. ಒಣಗಿಸಿದ್ರೆ ಓಡ್ತಿತ್ತು. ನಾನು ಆತ್ರ ಬಿದ್ದು ಕುಯ್ದೆ. ಬೆಲೇನೂ ನಾನೇ ಇಳ್ಸಿದೆ."

"ಗೊತ್ತು" ಎಂದಳು. "ಬಿಟ್ಟಿ ಕಟ್ಟಿಕೊಟ್ರಲ್ಲ, ಆವತ್ತೇ ಗೊತ್ತಾಯ್ತು."

ಕಡ್ಡಿಯ ಒಂದು ಗೆಣ್ಣು ಮುಳುಗಿತು. ನಾನು ಮಾತು ಬಿಟ್ಟು ಪಾನ ತೆಗೆದೆ. ನಾಲ್ಕು ಬೋಲ್ಟು. ಮೂರು ಸಲೀಸಾಗಿ ಬಂದವು, ನಾಲ್ಕನೆಯದು ತುಕ್ಕು ಹಿಡಿದಿತ್ತು. ಅದು ಬಿಡುವಷ್ಟರಲ್ಲಿ ನೀರು ಹೊಸಿಲು ದಾಟಿ ಪಾದ ನೆನೆಸಿತು. ಪೈಪು ಕಳಚಿ, ಹಗ್ಗ ಹಾಕಿ, ಬಿದಿರ ಗಳು ತೂರಿಸಿ ನಾನೂ ಆಕೆಯೂ ಹೊತ್ತೆವು. ಹೊಂಗೆ ಮರದ ಬುಡಕ್ಕೆ ಹೋಗಲಿಲ್ಲ. ಅದಕ್ಕಿಂತ ಮೇಲೆ, ರಸ್ತೆಗೆ ಕಾಣುವ ದಿಬ್ಬದ ಮೇಲಿಟ್ಟೆವು.

"ಈಗ ನೀನು ಶಾಲೆಗೆ ಓಗು. ನಾನಿಲ್ಲೇ ಕೂತ್ಕತೀನಿ."

"ಎಷ್ಟು ದಿನ?"

"ನೀರಿಳಿಯೋ ಗಂಟ."

"ನಿಮ್ಮಂಗಡಿ?"

"ಮುಚ್ಚಿರ್ತದೆ."

ಆಕೆ ಆಮೇಲೆ ಬೀದಿಗೆ ಹೋಗಿ ಏನು ಹೇಳಿದಳೋ, ಒಬ್ಬೊಬ್ಬರಾಗಿ ಬರತೊಡಗಿದರು. ಮೋಟಾರು ಬಂದವು, ಗ್ಯಾಸ್ ಸಿಲಿಂಡರ್ ಬಂತು, ಹೊಲಿಗೆ ಯಂತ್ರ, ಗೋಣಿಚೀಲದಲ್ಲಿ ಸುತ್ತಿದ ಟಿವಿ, ಹಿತ್ತಾಳೆ ಹಂಡೆ. ದಿಬ್ಬದ ಮೇಲೆ ರಾಶಿ ಬಿತ್ತು. ಮೇಲೆ ಟಾರ್ಪಾಲು ಹೊದಿಸಿ, ಸುತ್ತಲೂ ಹಗ್ಗ ಎಳೆದು, ಹೆಂಡತಿ ಹನ್ನೆರಡು ಕಡೆ ಗಂಟು ಹಾಕಿದಳು. ಎಲ್ಲವೂ ಮಲ್ಲಿಗೆ ಗಂಟು. ಗೂಡ್ಸ್ ಆಟೊ ಎಂಟು ಸಲ ಓಡಾಡಿತು. ಎಲ್ಲರನ್ನೂ ಅವನೇ ಕೈಹಿಡಿದು ಹತ್ತಿಸಿಕೊಂಡ. ಕೊನೆಯ ಸರದಿಯಲ್ಲಿ ಆಕೆಯೂ ನನ್ನ ಹೆಂಡತಿಯೂ ಹತ್ತಿದರು. ಆಟೊ ದಿಬ್ಬದ ಹತ್ತಿರ ನಿಧಾನ ಮಾಡಿತು.

"ಏನಣ್ಣ, ಒಬ್ರೇ ಕಾವಲಾ?" ಎಂದ. ರಾಶಿಯನ್ನು ಉದ್ದಕ್ಕೂ ನೋಡಿದ. "ಎಲ್ಲಾ ಸೇರಿ ಎಷ್ಟಾಗ್ಬೋದು?"

ನಾನು ಟಾರ್ಪಾಲಿನ ಅಂಚು ಎಳೆದು ಸರಿ ಮಾಡಿದೆ.

ನಾಲ್ಕು ದಿನ ಕೂತೆ. ಶಾಲೆಯಿಂದ ಯಾರಾದರೂ ಬುತ್ತಿ ತಂದುಕೊಡುತ್ತಿದ್ದರು. ಮಳೆ ಬಂದಾಗ ಟಾರ್ಪಾಲಿನ ಅಂಚಿನ ಕೆಳಗೆ, ಬಿಟ್ಟಾಗ ಕಲ್ಲಿನ ಮೇಲೆ. ನೀರು ಶೆಡ್ಡಿನ ಮಾಡು ಮುಟ್ಟಿ, ಬೀದಿಯ ಕೆಳಗಿನ ನಾಲ್ಕು ಮನೆಗಳನ್ನು ಎದೆಮಟ್ಟ ತುಂಬಿ ನಿಂತಿತು. ನಿದ್ದೆ ಮಾಡಲಿಲ್ಲ ಎಂದು ಹೇಳಿಕೊಂಡು ತಿರುಗಬಹುದಿತ್ತು. ಮಾಡಿದೆ. ಮೂರನೆಯ ದಿನ ಮಧ್ಯಾಹ್ನ, ಉಂಡ ಮೇಲೆ, ರಾಶಿಗೆ ಬೆನ್ನು ಕೊಟ್ಟು ಎಷ್ಟೋ ಹೊತ್ತು ಮಲಗಿಬಿಟ್ಟಿದ್ದೆ.

ನಾಲ್ಕನೆಯ ದಿನ ನೀರಿಳಿಯಿತು, ಬಿಸಿಲು ಬಂತು, ಜನ ಬಂದರು. ಎಲ್ಲರ ಮುಖದಲ್ಲೂ ನಗು. ಒಬ್ಬರು ನನಗೆ ಎಲೆಯಡಿಕೆ ಕೊಟ್ಟರು. ಹೆಂಡತಿ ಗಂಟು ಬಿಚ್ಚಲು ಕೂತಳು. ಒಂದೊಂದೇ ಬಿಚ್ಚುತ್ತ ರಾಶಿಯ ಹಿಂದಕ್ಕೆ, ನಾನು ಬೆನ್ನು ಕೊಟ್ಟು ಮಲಗಿದ್ದ ಜಾಗದ ಆಚೆ ಬದಿಗೆ ಹೋದವಳು ಅಲ್ಲೇ ನಿಂತಳು.

"ಏನ್ರೀ, ಬನ್ನಿ ಇಲ್ಲಿ."

ಹೋದೆ. ಹಗ್ಗದಲ್ಲಿ ಪಕ್ಕಪಕ್ಕದ ಎರಡು ಗಂಟು. ಅಚ್ಚುಕಟ್ಟಾಗಿ, ಬಿಗಿಯಾಗಿ ಇದ್ದವು. ಎರಡು ಸುತ್ತು, ಕುಣಿಕೆ. ಎಳೆತ ಮಾತ್ರ ಹೊರಗಿನಿಂದ.

"ಇವು ನಾನಾಕಿದ ಗಂಟಲ್ಲ" ಎಂದಳು.

ಟಾರ್ಪಾಲು ಎತ್ತಿದೆವು. ಆ ಮೂಲೆಯಲ್ಲೇ ಆಕೆಯ ಮೋಟಾರು ಇತ್ತು, ಇಟ್ಟ ಹಾಗೆಯೇ ಇತ್ತು. ಎಲ್ಲರೂ ತಮ್ಮ ತಮ್ಮ ಸಾಮಾನು ನೋಡಿಕೊಂಡರು. ಒಂದು ಚಮಚವೂ ಹೋಗಿರಲಿಲ್ಲ. ರಸ್ತೆಯಲ್ಲಿ ಗೂಡ್ಸ್ ಆಟೊ ಮುದುಕಿಯೊಬ್ಬಳನ್ನು ಇಳಿಸುತ್ತಿತ್ತು. ಅವನು ಅವಳ ಗಂಟುಮೂಟೆಯನ್ನು ಬಾಗಿಲವರೆಗೂ ಹೊತ್ತುಕೊಟ್ಟು ಹೋದ.

"ಸ್ಟೇಷನ್ನಿಗೆ ಓಗಾನಾ ಅಣ್ಣ?" ಎಂದು ಯಾರೋ ಕೇಳಿದರು. ಹೋಗಿ ಏನು ಬರೆಸುವುದು? ಏನೂ ಹೋಗಿಲ್ಲ. ಹಗ್ಗದ ಗಂಟು ಎರಡು, ಬೆಲೆ ಎಷ್ಟೆಂದು ರೈಟರ್ ಕೇಳಿದರೆ ಏನು ಹೇಳಲಿ?

ಆಕೆ ಆ ಎರಡು ಗಂಟನ್ನು ಬೆರಳಲ್ಲಿ ಮುಟ್ಟಿ ನೋಡಿ, ಕೈಯನ್ನು ಸೀರೆಗೆ ಒರೆಸಿಕೊಂಡಳು. ಮೋಟಾರನ್ನು ಹೊತ್ತು ತಂದು ಕಟ್ಟೆಯ ಮೇಲೆ ಕೂರಿಸಿದೆವು. ನಾನು ಬೋಲ್ಟು ಬಿಗಿಯುತ್ತಿದ್ದಾಗ ಆಕೆ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಒಂದೊಂದು ಸುತ್ತನ್ನೂ ನೋಡುತ್ತಿದ್ದಳು.

"ವಸಿ ಬಿಗೀಗೇ ಆಕಿ ಅಣ್ಣ" ಎಂದಳು. "ಇನ್ನು ಬಿಚ್ಚಂಗಿಲ್ಲ. ಮುಂದಿನ ಸಲ ನಾನು ಎಲ್ಗೂ ಬರಾಕಿಲ್ಲ."

ನಾನು ತಲೆ ಎತ್ತಿ ನೋಡಿದೆ. ಶೆಡ್ಡಿನ ಗೋಡೆಯ ಮೇಲೆ, ಮಾಡಿನ ಅಂಚಿನಲ್ಲಿ, ಆಕೆ ಎದ್ದು ನಿಂತರೂ ತಲೆಗಿಂತ ಎರಡು ಗೇಣು ಮೇಲೆ, ನೀರು ನಿಂತು ಹೋದ ಕೆಸರಿನ ಗೆರೆ ಇನ್ನೂ ಹಸಿಯಾಗಿತ್ತು. ನಾಲ್ಕನೆಯ ಬೋಲ್ಟನ್ನು ಹೇಳಿದಷ್ಟು ಬಿಗಿದೆ.